ಅಮೆರಿಕದ ಮಾನವಿಕ ಅನುದಾನ: ಅರ್ಜಿ ಯಾರ ಕೈಗೆ ಹೋಗುತ್ತದೆ, ಹೇಗೆ ಬರೆಯಬೇಕು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಮೇಲೆ ಕೆಲಸ ಮಾಡುವ ಎಳೆಯರು ಆಗಾಗ ತಮ್ಮ ಅನುದಾನದ ಅರ್ಜಿ ಕಳಿಸುತ್ತಾರೆ, ‘ಸರ್, ಒಮ್ಮೆ ಕಣ್ಣಾಡಿಸಿ’ ಅಂತ. ವಿಷಯ ಚೆನ್ನಾಗಿರುತ್ತದೆ, ಓದೂ ಗಟ್ಟಿ ಇರುತ್ತದೆ. ಆದರೂ ಅರ್ಜಿ ಬೀಳುತ್ತದೆ. ಹೆಚ್ಚಿನ ಸಲ ಕಾರಣ ಒಂದೇ. ಅದನ್ನು ಓದುವವರು ಯಾರು, ಓದಿದ ಮೇಲೆ ಏನಾಗುತ್ತದೆ ಅನ್ನುವುದು ಬರೆದವರಿಗೆ ಗೊತ್ತಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್, ಚಿಕ್ಕದಾಗಿ ಎನ್‌ಇಎಚ್, ಬಗ್ಗೆ. 1965ರ ಸೆಪ್ಟೆಂಬರ್ 29ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಸರ್ಕಾರಿ ಸಂಸ್ಥೆ ಇದು. ಕಲೆಗಳಿಗೆ ಅಂತ ಇರುವ ಎನ್‌ಇಎ ಕೂಡ ಅದೇ ಕಾಯ್ದೆಯ ಕೂಸು. ಈ ಎರಡನ್ನೂ ಕಲಸಿಕೊಳ್ಳುವುದು ಮೊದಲ ತಪ್ಪು.

ಮೊದಲು: ಸರಿಯಾದ ಬಾಗಿಲು

ನೀವು ಕಾದಂಬರಿ ಬರೆಯುತ್ತಿದ್ದರೆ, ಕವಿತೆ ಬರೆಯುತ್ತಿದ್ದರೆ ಎನ್‌ಇಎಚ್ ಕಡೆ ಹೋಗಲೇಬೇಡಿ. ಇತಿಹಾಸ, ಭಾಷೆ, ಸಾಹಿತ್ಯ ವಿಮರ್ಶೆ, ತತ್ವಶಾಸ್ತ್ರ, ಪುರಾತತ್ವ, ಧರ್ಮಗಳ ಅಧ್ಯಯನ, ಇಂಥವು ಅಲ್ಲಿನ ವಿಷಯ. ವಚನಗಳನ್ನು ಇಂಗ್ಲಿಷಿಗೆ ತರುತ್ತೀರಾ? ಪಾಠಾಂತರ, ಟಿಪ್ಪಣಿ, ಪೀಠಿಕೆ ಸಮೇತ ವಿದ್ವತ್ ಅನುವಾದವಾದರೆ ಇಲ್ಲಿ ಜಾಗ ಇದೆ. ಪಿಎಚ್‌.ಡಿ. ಇನ್ನೂ ಮುಗಿದಿಲ್ಲವೇ? ಹಾಗಾದರೆ ಫೆಲೋಶಿಪ್ ನಿಮಗಲ್ಲ. ಪದವಿಗೆ ಓದುತ್ತಿರುವವರು ಅರ್ಜಿ ಹಾಕುವಂತಿಲ್ಲ. ಅಮೆರಿಕದ ಪೌರರಲ್ಲದಿದ್ದರೆ, ಹಿಂದಿನ ಮೂರು ವರ್ಷ ಅಲ್ಲೇ ನೆಲೆಸಿರಬೇಕು.

ಎನ್‌ಇಎಚ್‌ನ ಪ್ರತಿ ಅನುದಾನ ಯೋಜನೆಗೂ ಒಂದು ಪ್ರಕಟಣೆ ಇರುತ್ತದೆ. ಅದರಲ್ಲಿ ಅರ್ಜಿಯನ್ನು ಯಾವ ಅಳತೆಗೋಲಿನಿಂದ ತೂಗುತ್ತಾರೆ ಎಂದು ಬಿಡಿಬಿಡಿಯಾಗಿ ಬರೆದಿರುತ್ತಾರೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ.

ನೋಂದಣಿ

ಅರ್ಜಿ ಹೋಗುವುದು ಗ್ರಾಂಟ್ಸ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದ ಮೂಲಕ. ಸಂಸ್ಥೆಯ ಪರವಾಗಿ ಹಾಕುವುದಾದರೆ ಸ್ಯಾಮ್ ಡಾಟ್ ಗವ್ ಎಂಬ ಇನ್ನೊಂದು ಸರ್ಕಾರಿ ತಾಣದಲ್ಲಿ ಸಂಸ್ಥೆಯ ನೋಂದಣಿ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಇದು ಪೂರ್ತಿ ಉಚಿತ. ‘ನಿಮ್ಮ ನೋಂದಣಿ ನಾವು ಮಾಡಿಸುತ್ತೇವೆ, ಇಷ್ಟು ಡಾಲರ್ ಕಟ್ಟಿ’ ಎಂದು ಸರ್ಕಾರಿ ಪತ್ರದ ವೇಷದಲ್ಲಿ ಬರುವ ಇಮೇಲ್‌ಗಳನ್ನು ಕಸದ ಬುಟ್ಟಿಗೆ ಹಾಕಿ.

ಎಲ್ಲರೂ ಎಡವುವ ಜಾಗ

ಈಗ ಮುಖ್ಯ ವಿಷಯ. ನಿಮ್ಮ ಅರ್ಜಿಯನ್ನು ಓದುವುದು ಅಧಿಕಾರಿಗಳಲ್ಲ, ಹೊರಗಿನ ವಿದ್ವಾಂಸರ ಒಂದು ಸಣ್ಣ ತಂಡ. ಒಬ್ಬೊಬ್ಬರೂ ತಮ್ಮ ಪಾಡಿಗೆ ಓದಿ, ಅತ್ಯುತ್ತಮದಿಂದ ಹಿಡಿದು ‘ಸ್ಪರ್ಧೆಗೆ ನಿಲ್ಲುವಂಥದ್ದಲ್ಲ’ ಎನ್ನುವವರೆಗೆ ಐದು ದರ್ಜೆಗಳಲ್ಲಿ ಒಂದನ್ನು ಕೊಟ್ಟು, ಅಭಿಪ್ರಾಯ ಬರೆಯುತ್ತಾರೆ. ಆಮೇಲೆ ಸಭೆ ಸೇರಿ ಚರ್ಚೆ. ಚರ್ಚೆಯಾದ ಮೇಲೆ ದರ್ಜೆ ಬದಲಿಸುವ ಅವಕಾಶವೂ ಉಂಟು.

ಆ ತಂಡದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲದಿರಬಹುದು. ಚೀನಾದ ಇತಿಹಾಸ ಓದಿದವರು, ಜಪಾನಿನ ಬೌದ್ಧಧರ್ಮ ಬಲ್ಲವರು ಕೂತಿರಬಹುದು. ಅವರ ಮುಂದೆ ಅರ್ಜಿಗಳ ರಾಶಿಯೇ ಇರುತ್ತದೆ. ಅದರ ನಡುವೆ ನಿಮ್ಮದು ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ: ‘ಕನ್ನಡಕ್ಕೆ ಸಾವಿರ ವರ್ಷಕ್ಕೂ ಮಿಗಿಲಾದ ಭವ್ಯ ಪರಂಪರೆಯಿದೆ. ಕನ್ನಡ ಪತ್ರಿಕೋದ್ಯಮವೂ ಅಷ್ಟೇ ಶ್ರೀಮಂತವಾದುದು.’ ನಾನು ನೋಡುವ ಕರಡುಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ರಾಜ್ಯೋತ್ಸವದ ಭಾಷಣಕ್ಕೆ ಸರಿ. ಫೆಲೋಶಿಪ್ ಅರ್ಜಿಯ ವಿವರಣೆಗೆ ಸಿಗುವುದು ಮೂರೇ ಪುಟ, ಅದರಲ್ಲಿ ಅರ್ಧ ಪುಟ ಹೊಗಳಿಕೆಗೆ ಹೋಯಿತು!

ಹೀಗೆ ಶುರು ಮಾಡಿ: ‘1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ತಂದರು. ಮತಪ್ರಚಾರಕ್ಕೆ ಬಂದವರು ಊರಿನ ಸುದ್ದಿ ಏಕೆ ಮುದ್ರಿಸಿದರು? ಅದನ್ನು ಓದಿದವರು ಯಾರು?’ ಯಾರು, ಎಲ್ಲಿ, ಯಾವಾಗ, ಪ್ರಶ್ನೆ ಏನು, ನಾಲ್ಕೂ ಬಂದವು. ಮುಂದಿನ ಸಾಲಿನಲ್ಲೇ ಚೀನಾದಲ್ಲೂ ಆಫ್ರಿಕಾದಲ್ಲೂ ಮಿಷನ್ನುಗಳು ಅಚ್ಚುಕೂಟ ಹಾಕಿದ್ದನ್ನು ಹೇಳಿ, ನಿಮ್ಮ ಉತ್ತರ ಆ ಚರ್ಚೆಯಲ್ಲಿ ಏನನ್ನು ಬದಲಿಸುತ್ತದೆ ಎಂದು ಬರೆಯಿರಿ. ಚೀನಾದ ಇತಿಹಾಸಕಾರ ಈಗ ನೆಟ್ಟಗೆ ಕೂರುತ್ತಾನೆ.

ಇಷ್ಟೊಂದು ಒತ್ತಿ ಹೇಳಲು ಕಾರಣ ಇದೆ. ತಂಡದ ಕೆಲಸ ಮುಗಿದ ಮೇಲೆ ಮೇಲಿನ ಹಂತಗಳಲ್ಲಿ ತೂಕ ಇರುವುದು ಆ ದರ್ಜೆಗಳಿಗೆ, ಆ ಅಭಿಪ್ರಾಯಗಳಿಗೆ. ಸಿಬ್ಬಂದಿ ಅವನ್ನು ಒಟ್ಟುಗೂಡಿಸಿ ಶಿಫಾರಸು ಮಾಡುತ್ತಾರೆ. ಅಂದರೆ ನಿಮ್ಮ ಯೋಜನೆಯನ್ನು ಇನ್ನೊಬ್ಬರು ಎರಡು ವಾಕ್ಯದಲ್ಲಿ ಹೇಳಬೇಕಾಗುತ್ತದೆ. ಆ ಎರಡು ವಾಕ್ಯವನ್ನು ನೀವೇ ಬರೆದುಕೊಡಿ, ಮೊದಲ ಪ್ಯಾರಾದಲ್ಲೇ.

ಆಮೇಲಿನ ಪ್ರಶ್ನೆ, ಇದು ಆಗುವ ಕೆಲಸವೇ? ‘ಕರ್ನಾಟಕದ ವಿವಿಧ ಗ್ರಂಥಾಲಯಗಳಿಗೆ ಭೇಟಿ’ ಎಂದು ಬರೆದರೆ ದರ್ಜೆ ಇಳಿಯಿತು ಅಂತಲೇ ಲೆಕ್ಕ. ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ದಾಖಲೆಗಳು, ಹೀಗೆ ಹೆಸರು ಹಿಡಿದು ಹೇಳಿ. ಯಾವ ತಿಂಗಳು ಎಲ್ಲಿ, ಒಳಗೆ ಬಿಡಲು ಯಾರು ಒಪ್ಪಿದ್ದಾರೆ, ಹಳೆಯ ಜರ್ಮನ್ ಕೈಬರಹ ನಿಮಗೆ ಓದಲು ಬರುತ್ತದೆಯೇ, ಎಲ್ಲ ಬರಲಿ. ‘ಹೋದ ಮೇಲೆ ನೋಡಿಕೊಂಡರಾಯ್ತು’ ಎನ್ನುವ ಧಾಟಿ ತಂಡಕ್ಕೆ ತಕ್ಷಣ ಗೊತ್ತಾಗುತ್ತದೆ.

ದುಡ್ಡು ತೆಗೆದುಕೊಂಡು ಅರ್ಜಿ ಬರೆದುಕೊಡುವ ಸಲಹೆಗಾರರ ಹತ್ತಿರ ಹೋಗಬೇಡಿ. ಗೆದ್ದ ಅರ್ಜಿಗಳ ಮಾದರಿಗಳನ್ನು ಎನ್‌ಇಎಚ್ ತನ್ನ ಜಾಲತಾಣದಲ್ಲೇ ಹಾಕಿದೆ. ಅವನ್ನು ಓದಿದರೆ ಸಾಕು. ಶಿಫಾರಸು ಪತ್ರಕ್ಕೂ ದೊಡ್ಡ ಹೆಸರಿನ ಹಿಂದೆ ಓಡಬೇಡಿ. ನಿಮ್ಮ ಬರಹವನ್ನು ನಿಜವಾಗಿ ಓದಿರುವವರ ಪತ್ರವೇ ಮೇಲು.

ತಂಡದ ನಂತರ

ಶಿಫಾರಸುಗಳು ಎನ್‌ಇಎಚ್‌ನ ರಾಷ್ಟ್ರೀಯ ಮಂಡಳಿಗೆ ಹೋಗುತ್ತವೆ. ಕಾಯ್ದೆಯ ಪ್ರಕಾರ ಅದರಲ್ಲಿ 26 ಸದಸ್ಯರು, ನೇಮಿಸುವವರು ದೇಶದ ಅಧ್ಯಕ್ಷರು, ಒಪ್ಪಿಗೆ ಸೆನೆಟ್‌ನದು. ಮಂಡಳಿ ಸಲಹೆ ಕೊಡುತ್ತದೆ ಅಷ್ಟೇ. ಕೊನೆಯ ಮಾತು ಎನ್‌ಇಎಚ್ ಮುಖ್ಯಸ್ಥರದು. ಅರ್ಜಿ ಹಾಕಿ ಫಲಿತಾಂಶ ಬರುವ ಹೊತ್ತಿಗೆ ಏಳೆಂಟು ತಿಂಗಳು ಆಗಿರುತ್ತದೆ. ಅಷ್ಟರ ತನಕ ಫೋನ್ ಮಾಡಿ ವಿಚಾರಿಸುವುದರಿಂದ ಏನೂ ಉಪಯೋಗ ಇಲ್ಲ.

ಈ ಏರ್ಪಾಡು ಈಚೆಗೆ ಅಲುಗಾಡಿದೆ ಅನ್ನುವುದನ್ನೂ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ಆಗಲೇ ಮಂಜೂರಾಗಿದ್ದ ಸಾವಿರಕ್ಕೂ ಜಾಸ್ತಿ ಅನುದಾನಗಳನ್ನು ಮಧ್ಯದಲ್ಲೇ ರದ್ದು ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಂಡಳಿಯ ಹೆಚ್ಚಿನ ಸದಸ್ಯರನ್ನು ಶ್ವೇತಭವನ ಕೈಬಿಟ್ಟಿತು. ಕೆಲವು ಯೋಜನೆಗಳು ನಿಂತುಹೋಗಿವೆ. ಹಾಗಾಗಿ ಅರ್ಜಿ ಬರೆಯಲು ಕೂರುವ ಮುಂಚೆ ಈ ವರ್ಷ ಯಾವುದು ತೆರೆದಿದೆ ಎಂದು ನೋಡಿಕೊಳ್ಳಿ. ಮಂಜೂರಾತಿ ಪತ್ರ ಬಂದ ಮೇಲೂ ಇದೊಂದೇ ದುಡ್ಡನ್ನು ನಂಬಿ ಕೈಯಲ್ಲಿರುವ ಕೆಲಸ ಬಿಡಬೇಡಿ.

ಕನ್ನಡ ಕೂಟಗಳು ನೇರವಾಗಿ ಎನ್‌ಇಎಚ್‌ಗೆ ಹೋಗುವುದಕ್ಕಿಂತ ತಮ್ಮ ರಾಜ್ಯದ ಮಾನವಿಕ ಮಂಡಳಿಯನ್ನು ಕೇಳುವುದು ಒಳ್ಳೆಯದು. ಇಂಥ 56 ಮಂಡಳಿಗಳಿವೆ. ಮೊದಲ ತಲೆಮಾರಿನ ವಲಸಿಗರ ನೆನಪುಗಳನ್ನು ರೆಕಾರ್ಡ್ ಮಾಡುವಂಥ ಸಣ್ಣ ಕೆಲಸಕ್ಕೆ ಅಲ್ಲಿ ಅವಕಾಶ ಹೆಚ್ಚು. ಅವುಗಳ ಕೈಯೂ ಈಗ ಬಿಗಿಯಾಗಿದೆ, ಕೇಳಿ ನೋಡಿ.

ಸಿಗದಿದ್ದರೆ

ಓದಿದವರು ಬರೆದ ಅಭಿಪ್ರಾಯಗಳನ್ನು ಕಳಿಸಿ ಎಂದು ಎನ್‌ಇಎಚ್‌ಗೆ ಬರೆಯಿರಿ. ಬರೆದವರ ಹೆಸರಿಲ್ಲದೆ ಅಭಿಪ್ರಾಯಗಳು ಬರುತ್ತವೆ. ನಾಚಿಕೆಯಿಂದ ಎಷ್ಟೋ ಜನ ಕೇಳುವುದೇ ಇಲ್ಲ. ಒಬ್ಬರೇ ಗೊಣಗಿದ್ದರೆ ಬಿಟ್ಟುಬಿಡಿ, ಇಬ್ಬರು ಒಂದೇ ಕಡೆ ಬೆರಳಿಟ್ಟಿದ್ದರೆ ಅದನ್ನು ಸರಿಪಡಿಸಿ ಮುಂದಿನ ವರ್ಷ ಮತ್ತೆ ಹಾಕಿ. ಹೊಸ ಅರ್ಜಿಯಲ್ಲಿ ಹಳೆಯ ಅಭಿಪ್ರಾಯದ ಜೊತೆ ಜಗಳಕ್ಕೆ ಇಳಿಯಬೇಡಿ. ಈ ಸಲ ಓದುವವರು ಬೇರೆ, ಹಳೆಯದರಲ್ಲಿ ಏನಿತ್ತು ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ.