ಡಬ್ಬಿಗೊಂದೇ ಚಿತ್ರ, ಜೊತೆಗಿರಲಿ ನಾಲ್ಕು ಜನ

ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಮಲಗಿದಾಗ, ಸಣ್ಣ ತೂತಿನಿಂದ ನುಸುಳಿದ ಬೆಳಕಿನಲ್ಲಿ ಬೀದಿಯ ಸೈಕಲ್ಲು ಗೋಡೆಯ ಮೇಲೆ ತಲೆಕೆಳಗಾಗಿ ಹಾದುಹೋಗುವುದನ್ನು ಕಂಡಿದ್ದೀರಾ? ಹಂಪಿಯ ವಿರೂಪಾಕ್ಷ ದೇವಸ್ಥಾನದೊಳಗೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದೂ ಹೀಗೆಯೇ. ಆ ಗೋಡೆಯ ಜಾಗದಲ್ಲಿ ಫೋಟೊ ಕಾಗದ ಇಟ್ಟರೆ ಅದೇ ಪಿನ್‌ಹೋಲ್ ಕ್ಯಾಮೆರಾ. ಲೆನ್ಸೂ ಬೇಡ, ಬ್ಯಾಟರಿಯೂ ಬೇಡ.

ಆದರೆ ಜೊತೆಗಾರರು ಬೇಕು. ಒಂದು ಡಬ್ಬಿಗೆ ಒಂದೇ ಕಾಗದ, ಒಂದೇ ಚಿತ್ರ. ಇನ್ನೊಂದು ತುಂಬಲು ಕತ್ತಲೆ ಕೋಣೆಗೇ ಮರಳಬೇಕು. ಒಬ್ಬರೇ ಚಿತ್ರದುರ್ಗದ ಕೋಟೆ ಹತ್ತಿದರೆ ಒಂದು ಚಿತ್ರ, ಐದು ಜನ ಹತ್ತಿದರೆ ಐದು. ಕಾಗದ, ರಾಸಾಯನಿಕಗಳ ಖರ್ಚೂ ಹಂಚಿಹೋಗುತ್ತದೆ.

ಸುಮಾರು 10 ಸೆಂ.ಮೀ. ಅಗಲದ, ಬಿಗಿ ಮುಚ್ಚಳದ ಹಾಲಿನ ಪುಡಿ ಡಬ್ಬಿ ತೆಗೆದುಕೊಳ್ಳಿ. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಕಿಟಕಿ ಕೊರೆಯಿರಿ. ತಂಪು ಪಾನೀಯದ ಕ್ಯಾನಿನಿಂದ ಚಿಕ್ಕ ತಗಡು ಕತ್ತರಿಸಿ. ಇನ್ನು ಮುಂದೆ ಆತುರ ಬೇಡ. ತಗಡನ್ನು ರಟ್ಟಿನ ಮೇಲಿಟ್ಟು ಸೂಜಿಯ ತುದಿಯನ್ನು ಮೆಲ್ಲಗೆ ಒತ್ತಿ, ಹಿಂಬದಿಯಲ್ಲಿ ಎದ್ದ ಉಬ್ಬನ್ನು ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಸೂಜಿ ಆಡಿಸಿ. ಬೆಳಕಿಗೆ ಹಿಡಿದು ಭೂತಕನ್ನಡಿಯಲ್ಲಿ ನೋಡಿದರೆ ತೂತು ದುಂಡಗಿರಬೇಕು, ಅಂಚಿನಲ್ಲಿ ಸಿಬಿರು ಇರಬಾರದು. 10 ಸೆಂ.ಮೀ. ಡಬ್ಬಿಗೆ 0.4 ಮಿ.ಮೀ. ತೂತು ಸರಿ. ದೊಡ್ಡದಾದರೆ ಚಿತ್ರ ಮಸುಕು. ತೀರಾ ಚಿಕ್ಕದಾದರೂ ಬೆಳಕು ಅಂಚಿನಲ್ಲಿ ಚದುರಿ ಮಸುಕೇ. ತಗಡನ್ನು ಕಿಟಕಿಗೆ ಒಳಗಿನಿಂದ ಅಂಟಿಸಿ, ಹೊರಗೆ ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿ. ಆ ಟೇಪೇ ಶಟರ್.

ರಾತ್ರಿ ಬಚ್ಚಲುಮನೆಯೇ ಡಾರ್ಕ್‌ರೂಮ್. ಕಾಗದವನ್ನು ಕೆಡಿಸದ ಮಂದ ಕೆಂಪು ದೀಪದಲ್ಲಿ (ಸೇಫ್‌ಲೈಟ್) ಕಪ್ಪುಬಿಳುಪಿನ ಫೋಟೊ ಕಾಗದವನ್ನು, ಹೊಳೆಯುವ ಮೈ ತೂತಿನ ಕಡೆಗಿರುವಂತೆ, ಎದುರು ಗೋಡೆಗೆ ಬಾಗಿಸಿ ಕೂರಿಸಿ.

ಕೋಟೆಗೆ ಬೆಳಿಗ್ಗೆಯೇ ಹೋಗಿ. ಡಬ್ಬಿಯನ್ನು ಕೈಯಲ್ಲಿ ಹಿಡಿಯಬೇಡಿ. ನನ್ನ ಮೊದಲ ಚಿತ್ರದಲ್ಲಿ ಏಕನಾಥೇಶ್ವರಿ ಗುಡಿಯ ಮುಂದಿನ ಬಂಡೆಗಳೆಲ್ಲ ಮಂಜಿನಂತೆ ಕರಗಿದ್ದು ಅದಕ್ಕೇ. ಬಂಡೆಯ ಮೇಲಿಟ್ಟು, ಗಾಳಿಗೆ ಅಲುಗದಂತೆ ಮೇಲೊಂದು ಕಲ್ಲು ಹೇರಿ. ಟೇಪ್ ಬಿಚ್ಚುವವರು ಒಬ್ಬರು, ಎಣಿಸುವವರು ಒಬ್ಬರು, ಡಬ್ಬಿಯ ನಂಬರು, ಜಾಗ, ಬಿಸಿಲು, ಸೆಕೆಂಡು ಬರೆದುಕೊಳ್ಳುವವರು ಇನ್ನೊಬ್ಬರು. ಹೀಗೆ ಬರೆದಿಟ್ಟ ಪುಸ್ತಕವೇ ನಿಮ್ಮ ಗುರು. ಚೆನ್ನಾದ ಬಿಸಿಲಿನಲ್ಲಿ 40 ಸೆಕೆಂಡಿನಿಂದ ಒಂದು ನಿಮಿಷ, ನೆರಳಿನಲ್ಲಿ ಐದಾರು ನಿಮಿಷದಿಂದ ಶುರುಮಾಡಿ. ಅಷ್ಟು ಹೊತ್ತು ಮುಂದೆ ಓಡಾಡಿದವರಾರೂ ಚಿತ್ರದಲ್ಲಿ ಉಳಿಯುವುದಿಲ್ಲ. ಭಾನುವಾರದ ಜನಸಂದಣಿಯಲ್ಲೂ ಕೋಟೆಯ ಉಯ್ಯಾಲೆ ಕಂಬ ಒಂಟಿಯಾಗಿ ನಿಂತಂತೆ ಕಾಣುತ್ತದೆ.

ಮನೆಗೆ ಬಂದ ಮೇಲೆ, ಅದೇ ಕೆಂಪು ಬೆಳಕಿನಲ್ಲಿ, ಮೂರು ತಟ್ಟೆ: ಚಿತ್ರ ಮೂಡಿಸುವ ಡೆವಲಪರ್, ನೀರು, ಮೂಡಿದ್ದನ್ನು ಉಳಿಸುವ ಫಿಕ್ಸರ್. ಈ ತಟ್ಟೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು, ಕೈಗೆ ಗ್ಲೌಸ್ ಇರಲಿ. ಡೆವಲಪರ್ 20 ಡಿಗ್ರಿ ಆಸುಪಾಸು ಇರಬೇಕು. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ, ಆದ್ದರಿಂದ ಡೆವಲಪರನ್ನು ತಣ್ಣನೆಯ ಮಡಕೆ ನೀರಿನಲ್ಲಿ ಕಲಸಿ, ತಟ್ಟೆಯನ್ನು ಐಸ್ ಹಾಕಿದ ದೊಡ್ಡ ಬೇಸಿನ್ನಿನಲ್ಲಿಡಿ. ಕಾಗದ ಮುಳುಗಿಸಿ ತಟ್ಟೆ ಅಲ್ಲಾಡಿಸುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡಿಗೆ ಮೊದಲು ಆಕಾಶ ಕಪ್ಪಾಗುತ್ತದೆ, ಆಮೇಲೆ ಬಂಡೆಯ ಅಂಚು, ಕೊನೆಗೆ ಬತೇರಿಯ ಕಲ್ಲುಸಾಲು. ಐದು ತಲೆಗಳು ಒಂದೇ ತಟ್ಟೆಯ ಮೇಲೆ ಬಾಗಿರುತ್ತವೆ, ಯಾರೂ ಮಾತಾಡುವುದಿಲ್ಲ. ಒಂದೂವರೆ ನಿಮಿಷಕ್ಕೆ ತೆಗೆದು, ನೀರಿನಲ್ಲಿ ಅದ್ದಿ, ಎರಡು ನಿಮಿಷ ಫಿಕ್ಸರಿನಲ್ಲಿಟ್ಟು ತೊಳೆಯಿರಿ. ಬಂದದ್ದು ನೆಗೆಟಿವ್. ಮೊಬೈಲಿನಲ್ಲಿ ಫೋಟೊ ತೆಗೆದು ಬಣ್ಣ ತಿರುಗಿಸಿದರೆ ಚಿತ್ರ ಸಿಕ್ಕಿತು. ಕಾಗದದಲ್ಲಿ ಕಪ್ಪು ಗೆರೆ ಚಾಚಿದ್ದರೆ ಡಬ್ಬಿಯಲ್ಲೆಲ್ಲೋ ಬೆಳಕು ಸೋರಿದೆ, ಮುಚ್ಚಳದ ಸುತ್ತ ಟೇಪ್ ಹಾಕಿ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ. ಗಿಡದ ಬುಡಕ್ಕೆ ಸುರಿಯದೆ ಕ್ಯಾನಿನಲ್ಲಿ ಕೂಡಿಡಿ.

ಏಪ್ರಿಲ್ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ದಿನ, 2001ರಿಂದ ನಡೆದುಬಂದಿದೆ. ಅಂದು ದಾವಣಗೆರೆಯ ಗೆಳೆಯರನ್ನೂ ಕರೆಯಿರಿ.

ಇನ್ನೊಂದು ಪ್ರಯೋಗಕ್ಕೆ ರಾಸಾಯನಿಕವೇ ಬೇಡ. ಡಿಸೆಂಬರ್ 21ರಂದು ಪ್ರತಿಯೊಬ್ಬರೂ ತಮ್ಮ ಮನೆಯ ಮಾಳಿಗೆಯಲ್ಲಿ ಕಾಗದ ತುಂಬಿದ ಡಬ್ಬಿಯನ್ನು ಪಶ್ಚಿಮಕ್ಕೆ ಮುಖಮಾಡಿ ಅಲುಗದಂತೆ ಕಟ್ಟಿ, ಟೇಪ್ ತೆಗೆದುಬಿಡಿ. ಜೂನ್ 21ರವರೆಗೆ ಮುಟ್ಟಬೇಡಿ. ಆರು ತಿಂಗಳು ಸೂರ್ಯ ಇಳಿದ ದಾರಿಗಳು ಗೆರೆಗೆರೆಯಾಗಿ ಕಾಗದದ ಮೇಲೆ ಮೂಡಿರುತ್ತವೆ, ಮೋಡದ ದಿನಗಳು ಖಾಲಿ ಬಿಟ್ಟಿರುತ್ತವೆ. ಬೆಳಕಿಗೆ ಅದು ಮಾಸುತ್ತದೆ, ಹಾಗಾಗಿ ಮಬ್ಬು ಬೆಳಕಿನಲ್ಲಿ ತೆಗೆದು ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿ. ಎಲ್ಲರ ಡಬ್ಬಿಯನ್ನೂ ಒಂದೇ ಮನೆಯಲ್ಲಿ, ಒಂದೇ ಸಂಜೆ ಬಿಚ್ಚಿ.