ಬಟವಾಡೆ, ಸಂತೆಯ ಮಾರನೇ ದಿನ

"ಬೀಗ ಹಾಕದೆ ಜೈಲಿಂದ ಬಂದವರನ್ನ ಇಟ್ಕೊಳ್ಳೋಕೆ ಆಗುತ್ತೇನ್ರಿ? ಮೂರೇ ದಿನಕ್ಕೆ ಪಾತ್ರೆಪಗಡ ಸಮೇತ ಖಾಲಿ ಮಾಡ್ತಾರೆ." ನಮ್ಮ ಸೆಂಟರಿನ ಗೇಟಿಗೆ ಬೀಗ ಹಾಕುವುದಿಲ್ಲ ಅಂದದ್ದಕ್ಕೆ ಹೀಗೆ ಹೇಳಿದವರು, ಕುಡಿತ, ಗಾಂಜಾ ಬಿಡಿಸುವ ನಮ್ಮದೇ ಕಸುಬಿನವರು, ಮೈಸೂರಿನಲ್ಲಿ ಒಂದು ತರಬೇತಿಯ ಊಟದ ಹೊತ್ತಿನಲ್ಲಿ. ಪಾತ್ರೆ ಹೋದದ್ದು ಸುಳ್ಳಲ್ಲ. ಒಂದು ಕುಕ್ಕರ್, ಎರಡು ಕೊಳಗ ಹೋದವು. ಆಮೇಲೆ ಅಂಥದ್ದೇನೂ ಹೋಗಿಲ್ಲ. ಆರು ವರ್ಷ ದಾಟಿತು, ಗೇಟಿಗೆ ಈಗಲೂ ಬೀಗವಿಲ್ಲ. ಅವತ್ತು ನಕ್ಕವರಲ್ಲಿ ಇಬ್ಬರು ಈಚೆಗೆ ಬಂದು ಎರಡು ದಿನ ಇದ್ದು, ನಮ್ಮ ರಿಜಿಸ್ಟರುಗಳ ಫೋಟೋ ಹೊಡೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುವ ಉಮೇದು ಬಂತು.

ನಮ್ಮದು ಹಾಸನದಿಂದ ಆಲೂರು ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಆಲೂಗಡ್ಡೆ ಗೋದಾಮು. 12 ಮಂಚ. ಜಾಮೀನಿನ ಮೇಲೆ ಹೊರಗೆ ಬಂದವರು, 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಕೋರ್ಟು ಬಿಟ್ಟು ಕಳಿಸಿದವರು, ಶಿಕ್ಷೆ ಮುಗಿಸಿದವರು ಬರುತ್ತಾರೆ. ಕೇಸುಗಳು ನಿಮಗೆ ಗೊತ್ತಿರುವಂಥವೇ: ಕುಡಿದು ಹೊಡೆದಾಟ, ಕಣದಿಂದ ಕಾಫಿ, ಮೆಣಸು ಎತ್ತಿದ್ದು, ಬೈಕು, ಈಚೆಗೆ ಗಾಂಜಾ. ಡಿಟಾಕ್ಸ್ (ಮೈಯಿಂದ ಕುಡಿತದ ನಂಜು ಇಳಿಸುವ ಮೊದಲ ಚಿಕಿತ್ಸೆ) ಬಗ್ಗೆ ಏನೂ ಬರೆಯುವುದಿಲ್ಲ. ಕೈ ನಡುಗುತ್ತಾ ಬಂದವನನ್ನು ಮೊದಲು ಆಸ್ಪತ್ರೆಗೇ ಕಳಿಸುತ್ತೇವೆ. ಗ್ಲೂಕೋಸಿಗೆ ಮುಂಚೆ ಥಯಾಮಿನ್ (ಬಿ1 ವಿಟಮಿನ್) ಹಾಕಬೇಕು ಅಂತ ಗೊತ್ತಿಲ್ಲದವರು ಸೆಂಟರು ತೆರೆಯದಿರುವುದೇ ಲೇಸು.

ಬೀಗ ತೆಗೆದದ್ದು ದೊಡ್ಡ ಮನಸ್ಸಿನಿಂದೇನೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೆ ಕುಡಿತ, ಮಾದಕ ವಸ್ತುಗಳ ವ್ಯಸನವೂ ಬರುತ್ತದೆ. ತಾನಾಗಿ ಸೇರಿದವನು ಹೋಗ್ತೀನಿ ಅಂದರೆ ನಮ್ಮಿಷ್ಟಕ್ಕೆ ತಡೆದು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಜೈಲಿನಲ್ಲಿ ಆರು ತಿಂಗಳು ಒಂದು ತೊಟ್ಟೂ ಮುಟ್ಟದವನು ಹೊರಗೆ ಬಂದ ಸಂಜೆಯೇ ಕುಡಿದದ್ದನ್ನು ನಾವೆಲ್ಲ ನೋಡಿದವರು. ಬೀಗದೊಳಗೆ ಬಿಟ್ಟಿದ್ದು ಬಿಟ್ಟ ಲೆಕ್ಕವಲ್ಲ. ಹೀಗಿರುವಾಗ ನಾನು ಇನ್ನೊಂದು ಬೀಗ ಹಾಕಿ ಏನು ಸಾಧಿಸಲಿ?

ಮೊದಲ ವರ್ಷ ನೆಲಕಚ್ಚಿದೆ. "ಬಿಡುಗಡೆ ಆದ ಮಾರನೇ ದಿನ ಬಂದುಬಿಡು" ಅಂತ ಹೇಳಿ ಬರುತ್ತಿದ್ದೆ. ಒಂಬತ್ತೋ ಹತ್ತೋ ಜನ ದೇವರಾಣೆ ಮಾಡಿದರು, ಬಂದವರು ಇಬ್ಬರು. ರಿಲೀಸ್ ಆರ್ಡರ್ ಜೈಲು ತಲುಪಿ ಮನುಷ್ಯ ಹೊರಬರುವ ಹೊತ್ತಿಗೆ ಸಂಜೆ ಆಗಿರುತ್ತೆ, ಗೇಟಿನ ಹೊರಗೆ ಗೆಳೆಯರು ಬೈಕಿನ ಮೇಲೆ ಕಾಯುತ್ತಿರುತ್ತಾರೆ. ಅವರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಬಂದಿರುತ್ತಾರೆ. ಪ್ರೀತಿ ತೋರಿಸುವುದಕ್ಕೆ ಅವರಿಗೆ ಗೊತ್ತಿರುವುದು ಒಂದೇ ದಾರಿ.

ಈಗ ಜೈಲಿನ ಗೇಟಿಗೆ ನಾನೇ ಹೋಗುತ್ತೇನೆ, ಜೊತೆಗೆ ನಮ್ಮಲ್ಲಿದ್ದು ವರ್ಷ ದಾಟಿಸಿದ ಒಬ್ಬ. ಮನೆಯಲ್ಲಿ ಮುದ್ದೆ, ಕೋಳಿ ಸಾರು ರೆಡಿ ಇರುತ್ತೆ, ಗೆಳೆಯರನ್ನೂ ಊಟಕ್ಕೆ ಕರೆಯುತ್ತೇನೆ. ಅರ್ಧದಷ್ಟು ಸಲ ಬರುತ್ತಾರೆ ಕೂಡ. ಗೇಟಿನಲ್ಲಿ ನಾನು ಆಡುವ ಮೊದಲ ಮಾತು ಯಾವುದು ಅಂತ ಆ ಮೈಸೂರಿನವರು ಎರಡು ದಿನ ಪೀಡಿಸಿದರು. ಅದನ್ನು ಅವರಿಗೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ.

ಎರಡನೇ ಪೆಟ್ಟು ಬಿದ್ದದ್ದು ವಾಯಿದೆಯ ವಿಷಯದಲ್ಲಿ. ಅರಕಲಗೂಡು ಕಡೆಯ ಒಬ್ಬ ಹುಡುಗ ನಮ್ಮಲ್ಲಿ 70 ದಿನ ಚಿನ್ನದಂತೆ ಇದ್ದ. ಕೇಸಿನ ವಾಯಿದೆ ಬದಲಾಗಿತ್ತು, ವಕೀಲರು ಫೋನ್ ಮಾಡಿದ್ದು ಅವನ ಅಣ್ಣನ ಹಳೇ ನಂಬರಿಗೆ. ಹಾಜರಾಗಲಿಲ್ಲ ಅಂತ ವಾರಂಟ್ ಆಯಿತು. ಪೊಲೀಸರು ಬಂದಾಗ ಅವನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ, ಕೈಯಲ್ಲಿ ಬೂದಿ. "ನಾನು ಇಲ್ಲೇ ಇದ್ನಲ್ಲ ಮೇಷ್ಟ್ರೆ" ಅಂದ, ಅಷ್ಟೇ. (ನಾನು ಮೇಷ್ಟ್ರಲ್ಲ, ಕಾಫಿ ಬೀಜ ಹದ ಮಾಡುವ ಕ್ಯೂರಿಂಗಿನಲ್ಲಿ ಗುಮಾಸ್ತನಾಗಿದ್ದವನು, ಕುಡಿದು ಕೆಲಸ ಕಳೆದುಕೊಂಡವನು. ಹೆಸರು ಹೇಗೋ ಅಂಟಿಕೊಂಡಿತು.) 20 ದಿನಕ್ಕೆ ಮತ್ತೆ ಜಾಮೀನು ಸಿಕ್ಕಿತು. ನಮ್ಮ ಮನೆಗೆ ಬರಲಿಲ್ಲ.

ಅವತ್ತಿನಿಂದ ಅಡುಗೆ ಮನೆ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಎಲ್ಲರ ವಾಯಿದೆಗೂ ಕೆಂಪು ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಊರಿನ ಮೊದಲಕ್ಷರ. ಬೇಲೂರು, ಹೊಳೆನರಸೀಪುರ, ಚಿಕ್ಕಮಗಳೂರು ಮೂರೂ ಒಂದೇ ದಿನ ಬಂದು ನಾನು ಬಸ್ ಸ್ಟ್ಯಾಂಡಿನಲ್ಲಿ ತಲೆ ಕೆರೆದುಕೊಂಡದ್ದುಂಟು. ಕೌನ್ಸೆಲಿಂಗಿನ ಎಷ್ಟೋ ಗಂಟೆಗಳು ಮಾಡದ ಕೆಲಸವನ್ನು ಆ ಕ್ಯಾಲೆಂಡರ್ ಮಾಡಿದೆ. ನಿಮ್ಮಲ್ಲಿ ಇಲ್ಲದಿದ್ದರೆ ನಾಳೆಯೇ ತೂಗುಹಾಕಿ.

ಗಾಂಜಾ ಕೇಸಿನಲ್ಲೂ ಮುಗ್ಗರಿಸಿದ್ದೇನೆ. ಮಾದಕ ವಸ್ತುಗಳ ಕಾಯ್ದೆ ಎನ್‌ಡಿಪಿಎಸ್‌ನ 64ಎ ಕಲಂ ಇದೆ, ಸಣ್ಣ ಪ್ರಮಾಣದ ಕೇಸಿನ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ಪಾರಾಗಬಹುದು ಅಂತ ಒಬ್ಬ ತಾಯಿಗೆ ಜಂಬದಿಂದ ಹೇಳಿದ್ದೆ. ಆ ಚಿಕಿತ್ಸೆ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆಯೇ ಆಗಬೇಕು ಅನ್ನುವ ಸಾಲನ್ನು ನಾನು ಓದಿಯೇ ಇರಲಿಲ್ಲ. ನಮಗಾಗ ಆ ಮಾನ್ಯತೆ ಇರಲಿಲ್ಲ. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಟವಾಡೆಗೆ, ಅಂದರೆ ತೋಟದಲ್ಲಿ ವಾರದ ಕೂಲಿ ಕೊಡುವ ವಿಷಯಕ್ಕೆ ಬರುತ್ತೇನೆ, ನನ್ನ ನಿಜವಾದ ಹೆಮ್ಮೆ ಅದೇ. 90 ದಿನ ಒಳಗಿಟ್ಟು, ಹಾರ ಹಾಕಿ, ಊರಿಗೆ ಕಳಿಸುವುದು ರೂಢಿ. ನಾನು 40–45ನೇ ದಿನಕ್ಕೇ ತೋಟದ ಕೆಲಸಕ್ಕೆ ಕಳಿಸಿ ರಾತ್ರಿ ಇಲ್ಲೇ ಮಲಗಿಸಲು ಶುರು ಮಾಡಿದೆ. ಹಗಲು ಹೊರಗಿದ್ದು ಏನೇ ಕಂಡರೂ ಸಂಜೆ ಬಂದು ಹೇಳಿಕೊಳ್ಳಲು ಜನ ಇರಲಿ ಅಂತ. ಸಕಲೇಶಪುರ ಕಡೆ ರೊಬಸ್ಟಾ ಕೊಯ್ಲು ಜೋರಾಗಿತ್ತು, ಆಳಿಲ್ಲದೆ ಸಾಹುಕಾರ್ರು ಪರದಾಡುತ್ತಿದ್ದರು. ಹತ್ತು ಜನರನ್ನು ಜೀಪಿನಲ್ಲಿ ಕಳಿಸಿದೆ. ವಾರ ಪೂರ್ತಿ ಚೆನ್ನಾಗಿ ನಡೆಯಿತು. ಬಟವಾಡೆಯ ಸಂಜೆ ಜೀಪಿನಲ್ಲಿ ಬಂದವರು ಆರೇ ಜನ.

ಮಲೆನಾಡಿನ ಬಟವಾಡೆ ಸಂತೆಗೆ ಹೊಂದಿಕೊಂಡೇ ಇರುತ್ತೆ. ಕೈಯಲ್ಲಿ ಕಾಸು, ಮಾರನೇ ದಿನ ರಜ, ಕೂಲಿಗಳ ಲೈನ್ ಮನೆಯವರೆಲ್ಲ ಒಟ್ಟಿಗೆ ಪೇಟೆಗೆ. ನೂರು ಎಂಎಲ್ಲೂ ಇಲ್ಲದ ಒಂದು ಟೆಟ್ರಾ ಪ್ಯಾಕು ಸಾಕು, ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಣವನ್ನು ಹೆಂಡತಿಯ ಕೈಗೆ ಕೊಡಿಸಿ ನೋಡಿದೆ. ಒಬ್ಬನ ಭಾಮೈದ ಅದನ್ನು ಲಪಟಾಯಿಸಿದ, ಜಗಳವಾಗಿ ಹೊಸ ಕೇಸಾಯಿತು. ನಾನೇ ಇಟ್ಟುಕೊಂಡು ನೋಡಿದೆ. "ನಮ್ಮ ಬೆವರಿಗೆ ನೀವ್ಯಾಕೆ ಯಜಮಾನ?" ಅಂದರು. ನ್ಯಾಯವಾದ ಪ್ರಶ್ನೆ.

ಕೊನೆಗೆ ತೋಟದ ಲೆಕ್ಕ ಬರೆಯುವ ರೈಟ್ರ ಕಾಲು ಹಿಡಿದೆ: ನಮ್ಮವರಿಗೆ ಮಾತ್ರ ಸಂತೆಯ ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಬಟವಾಡೆ ಮಾಡಿ, ಕೆಲಸಕ್ಕೆ ಇಳಿಯುವ ಮುಂಚೆ. "ಎರಡೆರಡು ಲೆಕ್ಕ ಯಾರು ಬರೀತಾರೆ ಮೇಷ್ಟ್ರೆ?" ಅಂದರು. ನಮ್ಮವರ ಚೆಕ್ ರೋಲನ್ನು (ಹಾಜರಿ, ಕೂಲಿಯ ಪಟ್ಟಿ) ನಾನೇ ಬರೆದುಕೊಟ್ಟೆ, ಗುಮಾಸ್ತಿಕೆ ಅಲ್ಲಿ ಉಪಯೋಗಕ್ಕೆ ಬಂತು. ಆ ಹೊತ್ತಿಗೆ ಮಿಕ್ಕವರ ಕಾಸು ಸಂತೆಯಲ್ಲಿ ಕರಗಿರುತ್ತೆ, ಕುಡಿಸುವವರೂ ಇಲ್ಲ, ಜೊತೆಗೆ ಬಾ ಅನ್ನುವವರೂ ಇಲ್ಲ. ಹೆಗಲ ಮೇಲೆ ಚೀಲ, ಮೇಸ್ತ್ರಿ ಕೂಗುತ್ತಿರುತ್ತಾನೆ. ಸಂಜೆ ದುಡ್ಡು ಪೋಸ್ಟಾಫೀಸಿನ ಪಾಸ್‌ಬುಕ್ಕಿಗೆ. ಪಾಸ್‌ಬುಕ್ ಅವರವರದೇ, ಯಾವಾಗ ಬೇಕಾದರೂ ತೆಗೆಯಬಹುದು. ಆದರೆ ಪೋಸ್ಟಾಫೀಸು ಮೂರು ಕಿಲೋಮೀಟರ್, ನಡೆದೇ ಹೋಗಬೇಕು, ಜೊತೆಗೊಬ್ಬ. ಚಪಲ ಅರ್ಧ ಗಂಟೆಯ ಗಿರಾಕಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಜನ ಟೀ ಕುಡಿದು ವಾಪಸ್ ಬರುತ್ತಾರೆ. ಆ ಸುಗ್ಗಿಯಲ್ಲಿ ಮಿಕ್ಕ ಹತ್ತು ಬಟವಾಡೆಗಳಲ್ಲಿ ಎಡವಿದವನು ಒಬ್ಬನೇ.

ದುಡ್ಡಿನ ಲೆಕ್ಕ ಕೇಳುತ್ತೀರಿ. ಬಾಡಿಗೆ 14,000. ಊಟ, ಔಷಧಿ, ಜೀಪಿನ ಡೀಸೆಲ್, ಇಬ್ಬರ ಸಂಬಳ ಸೇರಿ ತಲೆಗೆ ತಿಂಗಳಿಗೆ ಸುಮಾರು ಆರೂವರೆ ಸಾವಿರ ಬೀಳುತ್ತೆ. ಮನೆಯವರು ಕೊಡುವುದು ಸರಾಸರಿ ಎರಡು ಸಾವಿರ. ಮೊದಲೆರಡು ವರ್ಷದಲ್ಲಿ ಮೂರೂವರೆ ಲಕ್ಷ ಕೈ ಬಿಟ್ಟಿತು, ಅದರಲ್ಲಿ ಹೆಂಡತಿಯ ಸರವೂ ಸೇರಿದೆ. ಸರ ಬಿಡಿಸಿಕೊಂಡಿದ್ದೇನೆ, ಮಾತು ಇನ್ನೂ ಬಿಡಿಸಿಕೊಂಡಿಲ್ಲ. ಅನುದಾನಕ್ಕೆ ಅಂತ ಒಂದು ಕಚೇರಿಗೆ ಅಲೆದ ಬಸ್ ಚಾರ್ಜು ಲೆಕ್ಕ ಹಾಕಿದರೆ ಎರಡು ಮಂಚ ಬರುತ್ತಿದ್ದವು.

ಇದನ್ನು ಸರಿದೂಗಿಸೋಣ ಅಂತ ಅರ್ಧ ಎಕರೆ ಆಲೂಗಡ್ಡೆ ಹಾಕಿದೆ. ಜಲಂಧರ್ ಬೀಜ. ಸೋನೆ ಹಿಡಿದು ಅಂಗಮಾರಿ ಬಂತು, ಒಂದೇ ವಾರದಲ್ಲಿ ಹೊಲ ಕಪ್ಪಾಯಿತು, 38,000 ಮಣ್ಣುಪಾಲು. ಅಣಬೆ ಚೆನ್ನಾಗೇ ಬೆಳೆಯಿತು, ಆದರೆ ಕೊಳ್ಳುವವರಿಲ್ಲದೆ ನಾವೇ ದಿನಾ ತಿಂದು, ಈಗ ಅಣಬೆ ಅಂದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಕೈ ಹಿಡಿದದ್ದು ಮೆಣಸಿನ ಬಳ್ಳಿ ನರ್ಸರಿ. ಪಣಿಯೂರು ತಳಿಯ ಕುಡಿ ಕತ್ತರಿಸಿ, ಮಣ್ಣು, ಮರಳು, ಗೊಬ್ಬರ ಕಲಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವ ಕೆಲಸ. ಬಾಡಿಗೆ ಅದರಲ್ಲೇ ಹುಟ್ಟುತ್ತೆ.

ಆ ಚೀಲಗಳಿಂದ ನಾನು ನೆನೆಸದ ಇನ್ನೊಂದು ಲಾಭವಾಯಿತು. ಕೂಲಿ ಲೆಕ್ಕಕ್ಕೆ ಅಂತ ಯಾರು ಎಷ್ಟು ತುಂಬಿದರು ಅಂತ ಬರೆದಿಡುತ್ತಿದ್ದೆವು. ಹೊಸಬ ಮೊದಲ ವಾರ ದಿನಕ್ಕೆ 60–70 ತುಂಬುತ್ತಾನೆ, ಮಣ್ಣು ಚೀಲದಲ್ಲಿರುವಷ್ಟೇ ಹೊರಗೂ ಇರುತ್ತೆ. ಮೂರನೇ ವಾರಕ್ಕೆ 250 ಮುಟ್ಟುತ್ತಾನೆ. ಒಂದು ಸಲ ಪುಸ್ತಕ ತಿರುವಿ ಹಾಕುವಾಗ ಕಂಡದ್ದು: ಎಡವಿದವರಲ್ಲಿ ಬಹಳಷ್ಟು ಜನರ ಲೆಕ್ಕ, ಎಡವುವ ಮೂರು ನಾಲ್ಕು ದಿನ ಮುಂಚೆಯೇ ದಿಢೀರನೆ ನೂರಕ್ಕೆ ಇಳಿದಿದೆ. ಕೆಲವರದ್ದು ತದ್ವಿರುದ್ಧ, 400ಕ್ಕೆ ಏರಿದೆ. ಬಾಯಲ್ಲಿ "ಚೆನ್ನಾಗಿದ್ದೀನಿ ಮೇಷ್ಟ್ರೆ" ಅನ್ನುತ್ತಿದ್ದರು, ಚೀಲ ಬೇರೆ ಹೇಳುತ್ತಿತ್ತು. ಈಗ ಸಂಜೆ ನಾನು ಮೊದಲು ನೋಡುವುದು ಆ ಪುಸ್ತಕವನ್ನೇ. ಲೆಕ್ಕ ಬಿದ್ದವನ ಜೊತೆ ಅವತ್ತು ರಾತ್ರಿ ಏನು ಮಾಡುತ್ತೇನೆ ಅನ್ನುವುದನ್ನು ಬಂದು ಇದ್ದು ನೋಡಿದವರಿಗೆ ಮಾತ್ರ ಹೇಳುತ್ತೇನೆ.

ಡೈಸಲ್ಫಿರಾಂ ಬಗ್ಗೆ ಒಂದು ಮಾತು, ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ ತರುವ ಮಾತ್ರೆ ಅದು. "ಸಾರಿಗೆ ಹಾಕಿಬಿಡಿ ಅಣ್ಣ, ಅವನಿಗೆ ಗೊತ್ತಾಗೋದು ಬೇಡ" ಅಂತ ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಹಾಕುವುದಿಲ್ಲ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಬರಬಹುದು. ಡಾಕ್ಟರು ಬರೆದು, ಅವನೇ ಒಪ್ಪಿ, ನನ್ನೆದುರು ತಾನೇ ನುಂಗಿದರೆ ಮಾತ್ರ.

ಮೊದಲೆರಡು ವರ್ಷದ ಇಪ್ಪತ್ತು ಚಿಲ್ಲರೆ ಜನರಲ್ಲಿ ವರ್ಷ ದಾಟಿಸಿದವರು ಮೂವರೋ ನಾಲ್ವರೋ. ಬಟವಾಡೆ ಬದಲಿಸಿದ ಮೇಲೆ ಬಂದ ಮೂವತ್ತೈದರಲ್ಲಿ ಹದಿನಾಲ್ಕು ಜನ ಕುಡಿತವಿಲ್ಲದೆ, ಹೊಸ ಕೇಸಿಲ್ಲದೆ ವರ್ಷ ದಾಟಿದ್ದಾರೆ. ಅರ್ಧವೂ ಆಗಲಿಲ್ಲವಲ್ಲ ಅನ್ನುವವರು ತಮ್ಮ ಪುಸ್ತಕ ತೆರೆದಿಟ್ಟು ಮಾತಾಡಲಿ.

ಅರಕಲಗೂಡಿನ ಆ ಹುಡುಗ ಹೋದ ತಿಂಗಳು ಮತ್ತೆ ಒಳಗೆ ಹೋಗಿದ್ದಾನೆ, ಈ ಸಲ ಮೆಣಸು. ಜಾಮೀನಿಗೆ ಅವನ ಮಾವ ಪಹಣಿ ಕೊಡಲು ಒಪ್ಪಿದ್ದಾರೆ. ಶುಕ್ರವಾರ ಆರ್ಡರ್ ಆಗಬಹುದು ಅಂದರು ವಕೀಲರು. ಕೋಳಿ ಹೇಳಿಟ್ಟಿದ್ದೇನೆ.