ಇಂಗ್ಲೆಂಡಿನಲ್ಲಿ ಕೇಸು ಸೋತಿರಾ? ಅಪೀಲಿಗೆ ಮೊದಲು ಅನುಮತಿ ಕೇಳಬೇಕು

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರು ಅಲ್ಲಿ ಕೇಸು ಸೋತರೆ ಮೊದಲು ಊರಿಗೆ ಫೋನ್ ಮಾಡುತ್ತಾರೆ. ಊರಿನ ಹಿರಿಯರು ಹೇಳುವುದು ಒಂದೇ ಮಾತು: "ಅಪೀಲು ಹಾಕಪ್ಪ, ಮೇಲಿನ ಕೋರ್ಟಲ್ಲಿ ನೋಡ್ಕೊಳ್ಳೋಣ." ಇಲ್ಲಿನ ಮಟ್ಟಿಗೆ ಅದು ಸರಿ. ದಾವಣಗೆರೆ ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಮೊದಲ ಅಪೀಲು ಸಾಮಾನ್ಯವಾಗಿ ನಮ್ಮ ಹಕ್ಕು. ಮೇಲಿನ ಕೋರ್ಟು ಸಾಕ್ಷಿಯನ್ನೂ ಮತ್ತೆ ತೂಗಿ ನೋಡುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗಲ್ಲ. ಬಹುತೇಕ ಸಿವಿಲ್ ಕೇಸುಗಳಲ್ಲಿ ಮೊದಲು 'ಪರ್ಮಿಷನ್ ಟು ಅಪೀಲ್' ಸಿಗಬೇಕು. ಗೆಲ್ಲುವ ನಿಜವಾದ ಸಾಧ್ಯತೆ ಇದೆ ಎಂದು ತೋರಿಸಬೇಕು, ಇಲ್ಲವೇ ಅಪೀಲು ಕೇಳಲು ಬೇರೊಂದು ಬಲವಾದ ಕಾರಣ ಇರಬೇಕು.

ಒಂದು ಉದಾಹರಣೆ ನೋಡೋಣ. ಲೆಸ್ಟರ್‌ನಲ್ಲಿರುವ ಹಿರಿಯೂರಿನವರೊಬ್ಬರು ಅಡುಗೆಮನೆ ಕೆಲಸ ಅರ್ಧಕ್ಕೆ ಬಿಟ್ಟುಹೋದ ಬಿಲ್ಡರ್ ಮೇಲೆ ದಾವೆ ಹಾಕಿ ಸೋತರು ಅಂದುಕೊಳ್ಳಿ. "ಜಡ್ಜ್ ನನ್ನ ಮಾತು ನಂಬಲಿಲ್ಲ" ಎಂದರೆ ಅನುಮತಿ ಸಿಗುವುದು ಬಹಳ ಕಷ್ಟ. "ಒಪ್ಪಂದದ ಈ ಷರತ್ತನ್ನು ಜಡ್ಜ್ ತಪ್ಪಾಗಿ ಓದಿದರು", "ನನ್ನ ಮುಖ್ಯ ದಾಖಲೆಯನ್ನು ನೋಡಲೇ ಇಲ್ಲ" ಎಂದು ತೋರಿಸಿದರೆ ದಾರಿ ಇದೆ. ತಪ್ಪು ಎಲ್ಲಿ ಆಯಿತು, ಅದರಿಂದ ತೀರ್ಪು ಹೇಗೆ ಬದಲಾಯಿತು ಎಂದು ಬರೆಯಿರಿ. ನಿಮ್ಮ ನೋವಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಡಿ. ಹೊಸ ಸಾಕ್ಷಿ ತರುತ್ತೇನೆ ಎಂದರೂ ಸುಲಭವಲ್ಲ. ಎಷ್ಟು ಪ್ರಯತ್ನಪಟ್ಟರೂ ಅದು ಮೊದಲು ಸಿಗುತ್ತಿರಲಿಲ್ಲ, ತೀರ್ಪಿಗೆ ಅದು ಮುಖ್ಯ, ನಂಬುವಂಥದ್ದು ಎಂದು ತೋರಿಸಬೇಕು. 1954ರ ಲ್ಯಾಡ್–ಮಾರ್ಷಲ್ ಕೇಸಿನಿಂದ ಬಂದ ಕಟ್ಟಳೆ ಇದು.

ಅನುಮತಿಯನ್ನು ತೀರ್ಪು ಹೇಳಿದ ಜಡ್ಜ್ ಹತ್ತಿರ ಅಲ್ಲೇ ಕೇಳಬಹುದು. ಅವರು ಕೊಡದಿದ್ದರೆ ಮೇಲಿನ ಕೋರ್ಟಿಗೆ ಅರ್ಜಿ. ಬೇರೆ ಗಡುವು ಹೇಳದಿದ್ದರೆ ನಿಮಗಿರುವುದು 21 ದಿನ. ಅದು ತೀರ್ಪಿನ ದಿನದಿಂದ ಲೆಕ್ಕ, ಆದೇಶ ಅಂಚೆಯಲ್ಲಿ ಕೈಸೇರಿದ ದಿನದಿಂದ ಅಲ್ಲ. ಊರಿನವರನ್ನು ಕೇಳುತ್ತಾ ಕೂತರೆ ಇದು ಸುಮ್ನೆ ಕಳೆದುಹೋಗುತ್ತದೆ. ಜಡ್ಜ್ ತೀರ್ಪು ಓದಿ ಹೇಳುವಾಗ ಕೈಯಲ್ಲೇ ಬರೆದುಕೊಳ್ಳಿ. ಅನುಮತಿ ಇಲ್ಲದೆ ಕೋರ್ಟಿನಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ನ್ಯಾಯಾಂಗ ನಿಂದನೆ ಆಗುತ್ತದೆ. ಅಪೀಲು ಹಾಕಿದ ಮಾತ್ರಕ್ಕೆ ತೀರ್ಪಿನ ಜಾರಿಗೆ ತಡೆಯಾಜ್ಞೆಯೂ ಸಿಕ್ಕಂತಲ್ಲ, ಅದನ್ನು ಬೇರೆಯಾಗಿ ಕೇಳಬೇಕು.

ಕೌಂಟಿ ಕೋರ್ಟ್, ಹೈಕೋರ್ಟ್‌ಗಳಲ್ಲಿ ವಿಚಾರಣೆ ಇಲ್ಲದೆ ಕಾಗದ ನೋಡಿಯೇ ಅನುಮತಿ ಅರ್ಜಿ ತಿರಸ್ಕರಿಸಿದರೆ ಸಾಮಾನ್ಯವಾಗಿ 7 ದಿನದೊಳಗೆ ಮೌಖಿಕ ವಿಚಾರಣೆ ಕೇಳಬಹುದು. ಅಲ್ಲೂ ಇಲ್ಲವೆಂದರೆ ಮುಗಿಯಿತು. ಅನುಮತಿ ನಿರಾಕರಣೆಯ ಮೇಲೆ ಇನ್ನೊಂದು ಅಪೀಲು ಇಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಇದರ ಮುಂದಿನ ಹಂತದ ಬಗ್ಗೆ. ನಿಜವಾಗಿಯೂ ಅನ್ಯಾಯ ಆದವರೇ ಸಿಟ್ಟಿನಲ್ಲಿ ಹೆಸರು ಬದಲಿಸಿ ಅದೇ ಅರ್ಜಿ, ಅದೇ ದಾವೆ ಮತ್ತೆ ಹಾಕುತ್ತಾರೆ. ಮೊದಲ ಕೇಸಿನಲ್ಲೇ ಎತ್ತಬಹುದಾಗಿದ್ದ ವಿಷಯವನ್ನು ಎರಡನೇ ಕೇಸಿಗೆ ಉಳಿಸಿಕೊಂಡರೂ ಅದು ಕೋರ್ಟಿನ ದುರುಪಯೋಗ ಎನಿಸಬಹುದು. 1843ರ ಹೆಂಡರ್ಸನ್ ತೀರ್ಪಿನಿಂದಲೂ ಹೀಗೇ. ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕಬಾರದು ಎನ್ನುವ ನಮ್ಮ 'ರೆಸ್ ಜುಡಿಕೇಟಾ' ನಿಯಮ ಇದ್ದ ಹಾಗೆ. ಅರ್ಜಿಯಲ್ಲಿ ಸ್ವಲ್ಪವೂ ಹುರುಳಿಲ್ಲದಿದ್ದರೆ ಜಡ್ಜ್ 'ಟೋಟಲಿ ವಿತೌಟ್ ಮೆರಿಟ್' ಎಂದು ದಾಖಲಿಸುತ್ತಾರೆ. ಅಂಥ ಎರಡು ಅರ್ಜಿ ಸೇರಿದರೆ ಸಾಕು, 'ಸಿವಿಲ್ ರಿಸ್ಟ್ರೇಂಟ್ ಆರ್ಡರ್' ಬರಬಹುದು. ಆಮೇಲೆ ಆ ಕೇಸಿನಲ್ಲಿ ಹೊಸ ಅರ್ಜಿ ಹಾಕಬೇಕಾದರೂ ಜಡ್ಜ್ ಅನುಮತಿ ಬೇಕು. ಚಟ ಬಿಡದವರ ಮೇಲೆ ಇನ್ನೂ ವಿಶಾಲವಾದ ನಿರ್ಬಂಧ ಬೀಳುತ್ತದೆ. ಪ್ರಾಮಾಣಿಕ ಮನುಷ್ಯನನ್ನೂ ಕಿರುಕುಳದ ದಾವೆದಾರರ ಸಾಲಿಗೆ ಸೇರಿಸುವುದು ಈ ಹಠವೇ. ದೊಡ್ಡ ಕೇಸುಗಳಲ್ಲಿ ಸೋತವರೇ ಸಾಮಾನ್ಯವಾಗಿ ಎದುರಾಳಿಯ ವಕೀಲರ ಖರ್ಚನ್ನೂ ಕೊಡಬೇಕು. ಅದು ಮನೆ ಮುರಿಯುವಷ್ಟು ದೊಡ್ಡದಾಗಬಹುದು.

ವೀಸಾ ಕೇಸಾದರೆ ಲೆಕ್ಕ ಬೇರೆ. ಅಲ್ಲೇ ಇರುವವರು ಇಂಥ ಕೇಸು ಮೊದಲು ಕೇಳುವ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನಲ್ಲಿ (ನ್ಯಾಯಮಂಡಳಿ) ಸೋತರೆ ಅನುಮತಿ ಕೇಳಲು 14 ದಿನ ಮಾತ್ರ. ಉದ್ಯೋಗದ ಟ್ರಿಬ್ಯೂನಲ್ ತೀರ್ಪಿನ ಅಪೀಲಿಗೆ 42 ದಿನ. ಸ್ಕಾಟ್ಲೆಂಡಿನ ಕೋರ್ಟುಗಳ ನಿಯಮ ಪೂರ್ತಿ ಬೇರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ತೀರ್ಪು ಬಂದ ವಾರದೊಳಗೇ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಅಥವಾ ಹತ್ತಿರದ ಲಾ ಸೆಂಟರ್‌ಗೆ (ಕಾನೂನು ನೆರವು ಕೇಂದ್ರ) ಹೋಗಿ. ಆದೇಶ, ಒಪ್ಪಂದ, ನೀವು ಬರೆದುಕೊಂಡ ಹಾಳೆ ಮೂರನ್ನೂ ಜೊತೆಗೆ ಒಯ್ಯಿರಿ.